ಗೋಧಿ ತೆನೆಯ ಠಸ್ಸೆ

ಬಕ್ರೀದಿನ ದಿನ ವಿಧವೆಯರ ಮನೆಗೆ ಮಾಂಸದ ಪಾಲು ಬರುತ್ತದೆ. ನಜೀರಾ ಬೀಬಿಯ ಮನೆಗೆ ಆ ಸಲ ಮಾಂಸಕ್ಕಿಂತ ಮೊದಲು ಚೂರಿ ಬಂತು.

ತಂದವನು ಬೂಟಾ ಕಸಾಯಿ. ಚೂರಿಗೆ ಹೆಸರಾದ ವಜೀರಾಬಾದಿನ ಅರ್ಧ ಊರಿಗೆ ಕುರ್ಬಾನಿ ಮಾಡಿಕೊಡುವವನು ಅವನೇ, ಹಬ್ಬದ ದಿನ ಅವನಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅಂಥವನು ಕೆಲಸ ಬಿಟ್ಟು, ಮೊಣಕೈವರೆಗೆ ಒಣಗಿದ ರಕ್ತ ಹೊತ್ತುಕೊಂಡು, ಗಲ್ಲಿ ಹಾದು ಬಂದಿದ್ದ. ಅಂಗಳದ ಹಗ್ಗದ ಮಂಚದ ಮೇಲೆ ಕೂತಿದ್ದ ನಜೀರಾಳ ಪಕ್ಕದಲ್ಲಿ ಚೂರಿಯನ್ನಿಟ್ಟು ನಿಂತ. ಕೂರು ಅಂದರೂ ಕೂರಲಿಲ್ಲ.

"ಇದನ್ನ ನಾನು ಏನ್ ಮಾಡ್ಲಿ, ನೀವೇ ಹೇಳಿ ಭಾಭಿ."

"ಏನಾಯ್ತು ಬೂಟಾ?"

"ಹಾಜಿ ಮಕ್ಬೂಲ್ ಸಾಹೇಬ್ರ ಮನೆ ಹೋರಿ. ಅವ್ರೇ ಚೂರಿ ಕೊಟ್ರು, ತಗೋ, ಇನಾಯತ್ ಉಸ್ತಾದರ ಠಸ್ಸೆ ಇರೋದು ಅಂತ. ನಾನೂ ಠಸ್ಸೆ ನೋಡಿ ನಂಬ್ದೆ. ಬಿಸ್ಮಿಲ್ಲಾ ಅಂತ ಎಳೆದ್ರೆ ಚರ್ಮ ಕುಯ್ತು, ಅಷ್ಟೇ. ಇನ್ನೊಂದ್ಸಲ ಎಳೆದೆ. ಮತ್ತೊಂದ್ಸಲ ಎಳೆದೆ. ಅದು ನನ್ನ ಮುಖಾನೇ ನೋಡ್ತಿತ್ತು ಭಾಭಿ. ಕೊನೆಗೆ ನನ್ನ ತಮ್ಮನ ಕೈಲಿದ್ದ ಹಳೇ ಚೂರಿ ಕಿತ್ಕೊಂಡು ಮುಗಿಸ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಮನುಷ್ಯ ನನ್ನ ಕೆಲಸಕ್ಕೆ ಹೆಸರಿಟ್ಟಿಲ್ಲ. ಇವತ್ತು ಮಸೀದಿ ಇಮಾಮರು ಎಲ್ಲರ ಮುಂದೆ, ಮೂಕಪ್ರಾಣಿಗೆ ಹಿಂಸೆ ಕೊಟ್ಟೆ ಅಂದ್ರು."

ನಜೀರಾ ಚೂರಿ ಕೈಗೆತ್ತಿಕೊಂಡಳು. ಅಲಗಿನ ತುಂಬ ನದಿಯ ಮರಳಿನ ಮೇಲೆ ಗಾಳಿ ಬರೆದ ಹಾಗೆ ಅಲೆ ಅಲೆಯಾಗಿ ಗೆರೆಗಳು. ಒಂಟೆ ಮೂಳೆಯ ಹಿಡಿ. ಹಿಡಿಯ ಹತ್ತಿರ, ಉಕ್ಕಿನ ಮೇಲೆ, ಅಕ್ಕಿಕಾಳಿನಷ್ಟು ಚಿಕ್ಕ ಗೋಧಿ ತೆನೆಯ ಗುರುತು. ಅವಳ ಮಾವನ ಅಪ್ಪನ ಕಾಲದಿಂದ ಅವಳ ಗಂಡ ಇನಾಯತನವರೆಗೆ ಬಂದ ಗುರುತು ಅದು.

"ಸತ್ತೋರ ಬಗ್ಗೆ ಆಡ್ಬಾರ್ದು," ಎಂದ ಬೂಟಾ, ಈಗ ದನಿ ತಗ್ಗಿಸಿ. "ಆದ್ರೆ ನಿಮ್ಮ ಮೈದುನ ಲತೀಫ್ ಎಲ್ಲರ ಹತ್ರ ಹೇಳ್ಕೊಂಡ್ ಬರ್ತಿದ್ದಾನೆ. ಇದೆಲ್ಲ ಅಣ್ಣ ಬಡಿದಿಟ್ಟು ಹೋದ ಉಕ್ಕು, ಕೊನೆಗಾಲದಲ್ಲಿ ಅಣ್ಣ ಮೋಸದ ಕೆಲಸಕ್ಕೆ ಇಳಿದಿದ್ದ, ತಪ್ಪು ಅವನ್ದೇ ಅಂತ. ನಾನು ಇವತ್ತಿನವರೆಗೂ ನಂಬಿರ್ಲಿಲ್ಲ."

"ಇವತ್ತು ನಂಬಿದ್ಯಾ?"

ಬೂಟಾ ಚೂರಿಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಇನ್ನೂ ಹದಿನಾರು ಮನೆ ಬಾಕಿಯಿತ್ತು ಅವನಿಗೆ.

ನಜೀರಾ ಎದ್ದು ಗೂಡಿನಿಂದ ಅರ ತಂದಳು. ಚೂರಿಯ ಬಾಯಿಗೆ ಅರ ಇಟ್ಟು ಒಮ್ಮೆ ಉಜ್ಜಿದಳು. ಪಾಣ ಹಾಕಿ ಗಟ್ಟಿ ಮಾಡಿದ ಉಕ್ಕಿನ ಮೇಲೆ ಅರ ಜಾರುತ್ತದೆ, ಗಾಜಿನ ಮೇಲೆ ಉಗುರು ಜಾರಿದಂತೆ. ಇಲ್ಲಿ ಅರ ಕಚ್ಚಿತು. ಪುಡಿ ಉದುರಿ ಅವಳ ಮಡಿಲಿಗೆ ಬಿತ್ತು. ಇದಕ್ಕೆ ಪಾಣವನ್ನೇ ಹಾಕಿರಲಿಲ್ಲ. ಚೂರಿಯ ವೇಷ ಹಾಕಿದ ತಗಡು ಅದು. ಅವಳ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ಬಡಿದು ರೂಪಕ್ಕೆ ತಂದ ಚೂರಿಯನ್ನು ಕೊನೆಯಲ್ಲೊಮ್ಮೆ ಕೆಂಪಗೆ ಕಾಯಿಸಿ, ಸರಿಯಾದ ಬಣ್ಣ ಬಂದ ಕ್ಷಣಕ್ಕೆ ಎಣ್ಣೆಯಲ್ಲಿ ಅದ್ದುವುದೇ ಪಾಣ ಹಾಕುವುದು. ಶಾಖ ಒಂದಿಷ್ಟು ಕಡಿಮೆಯಾದರೆ ಉಕ್ಕು ಮೆತ್ತಗೇ ಉಳಿಯುತ್ತದೆ, ಒಂದಿಷ್ಟು ಹೆಚ್ಚಾದರೆ ಕೆಳಗೆ ಬಿದ್ದರೂ ಒಡೆಯುತ್ತದೆ. ಇಂಥ ಗೆರೆಯ ಡಮಾಸ್ಕಸ್ ಚೂರಿಯಲ್ಲಿ ಎರಡು ಜಾತಿಯ ಉಕ್ಕು ನೂರಾರು ಪದರವಾಗಿ ಬೆಸೆದುಕೊಂಡಿರುವುದರಿಂದ ಅದರ ರಗಳೆ ಇನ್ನೂ ಹೆಚ್ಚು. ಆಸಿಡ್ಡಿನಲ್ಲಿ ಅದ್ದಿದರೆ ಗೆರೆ ಯಾರ ಚೂರಿಯಲ್ಲಾದರೂ ಏಳುತ್ತದೆ. ಪಾಣ ಮಾತ್ರ ಕಣ್ಣಿದ್ದವರಿಗೆ ಸಿಗುವ ವಿದ್ಯೆ.

ಹತ್ತು ವರ್ಷದ ಹಿಂದೆ ಇನಾಯತನ ಕಣ್ಣು ಹೋಯಿತು. ನಲವತ್ತು ವರ್ಷ ಬೆಳ್ಳಗೆ ಉರಿಯುವ ಕುಲುಮೆಯನ್ನೇ ನೋಡಿದ ಕಣ್ಣು. ಗುಜ್ರಾನ್‌ವಾಲಾದ ಡಾಕ್ಟರು ನರ ಒಣಗಿದೆ, ಇನ್ನು ಮಾಡುವುದೇನಿಲ್ಲ ಅಂದುಬಿಟ್ಟರು. ಬಡಿಯುವುದಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ, ಸುತ್ತಿಗೆಯ ಸದ್ದಿನಲ್ಲೇ ಪದರ ಬೆಸೆದಿದೆಯೋ ಇಲ್ಲವೋ ಹೇಳುತ್ತಿದ್ದ. ಆದರೆ ಬಣ್ಣವನ್ನು ಕಿವಿಯಿಂದ ನೋಡುವುದು ಹೇಗೆ? ಒಂದೇ ವಾರದಲ್ಲಿ ಹನ್ನೊಂದು ಚೂರಿ ಒಡೆದವು. ಹನ್ನೆರಡನೆಯದನ್ನು ಮನೆಗೆ ತಂದು, ಅಡುಗೆಮನೆಯ ಒಲೆಗೇ ಇದ್ದಲು ಸುರಿದು ಕೂತ. ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದ ನಜೀರಾ ಬೆಂಕಿಯೊಳಗಿನ ಚೂರಿಯನ್ನು ನೋಡಿದಳು. ಕೆಂಪಿನೊಳಗೆ ಒಂದು ನೆರಳು, ಮೋಡದ ನೆರಳು ಹೊಲ ದಾಟುವ ಹಾಗೆ, ಹಿಡಿಯ ಕಡೆಯಿಂದ ತುದಿಯ ಕಡೆಗೆ ಹರಿಯುತ್ತಿತ್ತು. ನೆರಳು ತುದಿ ದಾಟಿತು. "ಈಗ ತೆಗೀರಿ," ಅಂದಳು. ಯಾಕೆ ಅಂದಳೋ ಅವಳಿಗೇ ಗೊತ್ತಿರಲಿಲ್ಲ. ಅವನು ತೆಗೆದು ಎಣ್ಣೆಗೆ ಅದ್ದಿದ. ಆ ಚೂರಿ ಈಗಲೂ ಎಲ್ಲೋ ಯಾರದೋ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರಬೇಕು.

ಅಲ್ಲಿಂದ ಒಂಬತ್ತು ವರ್ಷ ಗೋಧಿ ತೆನೆಯ ಪ್ರತಿಯೊಂದು ಚೂರಿಗೂ ಪಾಣ ಬಿದ್ದದ್ದು ಅವಳ ಅಡುಗೆಮನೆಯಲ್ಲಿ. ಕಿಟಕಿ ಬಾಗಿಲಿಗೆ ರಜಾಯಿ ಕಟ್ಟಿ ಕತ್ತಲೆ ಮಾಡಿ, ಹೊಗೆ ಕುಡಿದು, ಜೂನಿನ ಸೆಕೆಯಲ್ಲಿ ಬೆಂದು ಅವಳು ಆ ಕೆಲಸ ಮಾಡಿದಳು. ಮೊದಮೊದಲು ಇಕ್ಕಳ ಅವನ ಕೈಯಲ್ಲಿತ್ತು, ಆಮೇಲೆ ಅದೂ ಅವಳ ಕೈಗೆ ಬಂತು. ಇನಾಯತ್ ಒದ್ದೆ ಗೋಣಿಯಲ್ಲಿ ಚೂರಿಗಳನ್ನು ಸುತ್ತಿ ಮನೆಗೆ ತರುತ್ತಿದ್ದ. ಯಾರಾದರೂ ಕೇಳಿದರೆ ಪಾಣದ ಗುಟ್ಟು ಹೊರಗೆ ತೋರಿಸುವುದಲ್ಲ ಅನ್ನುತ್ತಿದ್ದ. ಮನೆಯಲ್ಲಿ ಅವಳ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದ: "ಯಾರಿಗೂ ಹೇಳ್ಬೇಡ. ಕುರುಡನ್ನ ಉಸ್ತಾದ್ ಅಂತ ಯಾರೂ ಕರೆಯಲ್ಲ." ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಸ್ವಂತ ತಂಗಿಯ ಹತ್ತಿರವೂ ಉಸಿರೆತ್ತಲಿಲ್ಲ.

ಏಳು ತಿಂಗಳ ಹಿಂದೆ ಇನಾಯತ್ ತೀರಿಕೊಂಡ. ನಲವತ್ತನೆಯ ದಿನ ಕಮ್ಮಾರ ಕುಲದ ಬಿರಾದರಿಯ ಲೋಹಾರರೆಲ್ಲ ಸೇರಿ ಅವನ ತಮ್ಮ ಲತೀಫನ ತಲೆಗೆ ಉಸ್ತಾದನ ಪಗಡಿ ಕಟ್ಟಿದರು. ಪಗಡಿ ಕಟ್ಟಿಸಿಕೊಂಡವನಿಗೆ ಗುರುತು ಒತ್ತುವ ಮನೆಯ ಠಸ್ಸೆ ಸೇರಬೇಕು, ಅದು ಪದ್ಧತಿ. ನಜೀರಾ ತಾನೇ ಠಸ್ಸೆಯನ್ನು ತೊಳೆದು, ಹಸಿರು ಬಟ್ಟೆಯಲ್ಲಿ ಸುತ್ತಿ, ಪರದೆಯ ಹಿಂದಿನಿಂದ ಕೈ ಚಾಚಿ ಕೊಟ್ಟಳು. ನಾಳೆಯೋ ನಾಳಿದ್ದೋ ಲತೀಫ್ ಒದ್ದೆ ಗೋಣಿ ತರುತ್ತಾನೆ, ಆಗ ಅವನೊಬ್ಬನಿಗೆ ಹೇಳಿದರಾಯಿತು ಅಂದುಕೊಂಡಿದ್ದಳು. ಅವನು ತರಲಿಲ್ಲ. ಈಗ ಬಂದದ್ದು ಈ ತಗಡು.

ಅವಳು ದುಪಟ್ಟಾ ತಲೆಗೆಳೆದುಕೊಂಡು, ಚೂರಿ ಅರ ಎರಡನ್ನೂ ಹಿಡಿದು ಹಿಂದಿನ ಗಲ್ಲಿಯ ಕಾರ್ಖಾನೆಗೆ ನಡೆದಳು. ಹಬ್ಬಕ್ಕೆ ಕುಲುಮೆ ಆರಿತ್ತು. ಜಗುಲಿಯಲ್ಲಿ ಲತೀಫ್, ಅವನೆದುರಿಗೆ ಹಾಜಿ ಮಕ್ಬೂಲ್. ನಡುವೆ ಹುರಿದ ಯಕೃತ್ತಿನ ತಟ್ಟೆ ಮುಟ್ಟದೆ ಆರುತ್ತಿತ್ತು. ಹಾಜಿ ಚೂರಿಗಳನ್ನು ಹೊರದೇಶಕ್ಕೆ ಕಳಿಸುವ ವ್ಯಾಪಾರಿ. ಬೆಳಗ್ಗೆ ನೆಂಟರಿಷ್ಟರೆದುರು ಹೋರಿಯ ಕತೆಯಾಗಿ ಅವನ ಮರ್ಯಾದೆ ಮಣ್ಣುಪಾಲಾಗಿತ್ತು. ಅದನ್ನು ಯಾರ ತಲೆಗೆ ಕಟ್ಟುವುದು ಎಂಬ ಲೆಕ್ಕಾಚಾರ ಅಲ್ಲಿ ನಡೆದಿತ್ತು.

"ಇದಕ್ಕೆ ಪಾಣ ಹಾಕಿದ್ಯಾ ಲತೀಫ್?"

"ಹಾಕ್ದೆ ಇರ್ತೀವಾ ಭಾಭಿ."

ನಜೀರಾ ಅವನ ಕಣ್ಣೆದುರೇ ಅರ ಉಜ್ಜಿದಳು. ಪುಡಿ ಯಕೃತ್ತಿನ ತಟ್ಟೆಗೆ ಉದುರಿತು.

"ಇನ್ನೊಂದ್ಸಲ ಹೇಳು."

ಲತೀಫ್ ತಲೆ ತಗ್ಗಿಸಿದ. ಮಾತಿಗೆ ಬಂದವನು ಹಾಜಿ. "ನೋಡಿ ತಂಗಿ, ಸಿಟ್ಟು ಬೇಡ. ಮೊದಲು ಹಾಕ್ತಿದ್ದ. ನೂರು ಹಾಕಿದ್ರೆ ಮೂವತ್ತು ಸೊಟ್ಟ ಆಗೋದು, ಇಪ್ಪತ್ತು ಒಡೆಯೋದು. ನಾನೇ ಹೇಳ್ದೆ, ಬಿಟ್ಬಿಡು ಅಂತ. ಹೊರದೇಶದವ್ರು ಫೋಟೋದಲ್ಲಿ ಗೆರೆ ನೋಡಿ ತಗೊಳ್ತಾರೆ. ತಗೊಂಡು ಗೋಡೆಗೆ ತಗಲಾಕ್ತಾರೆ. ಗೋಡೆ ಕುಯ್ಯೋಕೆ ಹರಿತ ಯಾಕೆ?"

"ನಿಮ್ಮ ಹೋರಿ ಗೋಡೇನಾ ಹಾಜಿ ಸಾಹೇಬ್ರೆ?"

ಹಾಜಿಯ ಮುಖ ಕಪ್ಪಿಟ್ಟಿತು. ಆದರೆ ವ್ಯಾಪಾರಸ್ಥ, ನಾಲಿಗೆ ಹಿಡಿತದಲ್ಲಿತ್ತು. "ಹಳೇ ಚೂರಿ ಅಂದ್ಕೊಂಡು ಇದನ್ನ ಎತ್ತಿ ಕೊಟ್ಬಿಟ್ಟೆ, ಆಗಿದ್ದು ಆಗೋಯ್ತು. ಕಸಾಯಿಗಳು ಗಲಾಟೆ ಎಬ್ಬಿಸಿದ್ದಾರೆ, ಊರಿಗೆ ಏನಾದ್ರೂ ಒಂದು ಉತ್ತರ ಕೊಡ್ಬೇಕು. ನಾಡಿದ್ದು ಮಧ್ಯಾಹ್ನ ಇಲ್ಲೇ ಬಿರಾದರಿ ಸೇರತ್ತೆ. ಹಿರೀರು ಚಾಚಾ ಫತೇದೀನ್ ಗೋಧಿ ತೆನೆ ಠಸ್ಸೆ ಮುರಿತಾರೆ. ಇನಾಯತ್ ಕೆಲಸ ಕೊನೇಲಿ ಕೆಟ್ಟಿತ್ತು ಅಂತ ಒಂದು ಮಾತು ಹೇಳ್ತಾರೆ, ಮುಗೀತು. ಲತೀಫ್ ಪಗಡಿ ಉಳಿಯತ್ತೆ, ಹೊಸ ಠಸ್ಸೆ ಮಾಡಿಸ್ತೀನಿ. ಸತ್ತೋನಿಗೆ ಏನು ನಷ್ಟ ಹೇಳಿ?"

ಠಸ್ಸೆ ಮುರಿಯುವುದು ಅಂದರೆ ಲೋಹಾರರಲ್ಲಿ ಸಣ್ಣ ಮಾತಲ್ಲ. ಮನೆಯ ಗುರುತಿನ ಅಚ್ಚನ್ನು ಎಲ್ಲರೆದುರು ಕಾಯಿಸಿ, ಬಡಿಗಲ್ಲಿನ ಮೇಲಿಟ್ಟು ಚಪ್ಪಟೆ ಮಾಡುತ್ತಾರೆ. ಆಮೇಲೆ ಆ ಮನೆಯ ಹೆಸರನ್ನು ಕಳ್ಳರ ಹೆಸರಿನ ಜೊತೆ ಸೇರಿಸಿ ಹೇಳುತ್ತಾರೆ. ನಜೀರಾ ಕಂಡಂತೆ ಮೂವತ್ತು ವರ್ಷದಲ್ಲಿ ಒಂದೇ ಒಂದು ಠಸ್ಸೆ ಮುರಿದಿತ್ತು. ಆ ಮನೆಯವರು ಊರು ಬಿಟ್ಟು ಹೋದರು.

"ಲತೀಫ್, ನಿನ್ನ ಅಣ್ಣ ಮೋಸ ಮಾಡಿದ್ನಾ?"

ಲತೀಫ್ ಈ ಸಲವೂ ತಲೆಯೆತ್ತಲಿಲ್ಲ. "ನಾನೇನ್ ಮಾಡ್ಲಿ ಭಾಭಿ. ನನಗೂ ಮನೆ ಮಠ ಇದೆ."

ಮನೆಗೆ ಬಂದ ಮೇಲೆ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಮಾತ್ರ ಸುತ್ತಿ ಸುತ್ತಿ ಬರುತ್ತಿತ್ತು. ಮೊದಲು ಲತೀಫನ ಮೇಲೆ, ಆಮೇಲೆ ಹಾಜಿಯ ಮೇಲೆ, ಹಸಿರು ಬಟ್ಟೆ ಸುತ್ತಿಕೊಟ್ಟ ತನ್ನ ಕೈಯ ಮೇಲೆ. ಸಂಜೆಯ ಹೊತ್ತಿಗೆ ಅದು ಸತ್ತವನ ಮೇಲೆ ತಿರುಗಿತು. ಅವನು ಮೋಸಗಾರನಲ್ಲ ಎಂದು ತೋರಿಸಬೇಕಾದರೆ ಕುರುಡನಾಗಿದ್ದ ಎಂದು ಹೇಳಬೇಕು. ಆಣೆ ಮುರಿಯಬೇಕು. ಸುಮ್ಮನಿದ್ದರೆ ಠಸ್ಸೆ ಮುರಿಯುತ್ತದೆ. ಎಂಥ ಗಂಟು ಹಾಕಿಟ್ಟು ಹೋದ ಈ ಮನುಷ್ಯ! ಸಾಯುವ ಮುಂಚೆ ಮೂರು ದಿನ ಮಾತು ಸ್ಪಷ್ಟವಾಗಿತ್ತು. ಬಿರಾದರಿಯವರೆಲ್ಲ ಬಂದು ಮಂಚದ ಸುತ್ತ ಕೂತಿದ್ದರು. ಪಾಣ ಹಾಕುತ್ತಿದ್ದವಳು ನನ್ನ ಹೆಂಡತಿ, ಇನ್ನು ಅವಳನ್ನು ಕೇಳಿ ಅಂದಿದ್ದರೆ ಎರಡು ಉಸಿರಿನ ಕೆಲಸ. ಅವನು ಆ ಮೂರು ದಿನ ಹಳೆಯ ಎತ್ತಿನಗಾಡಿಯ ಸುದ್ದಿ ಮಾತಾಡಿದ.

ಮರುದಿನ, ಹಬ್ಬದ ಎರಡನೇ ದಿನ, ಮಧ್ಯಾಹ್ನದ ಊಟವಾದ ಮೇಲೆ ಅವಳು ಬೂಟಾ ಬಿಟ್ಟುಹೋದ ಚೂರಿಯನ್ನು ಎತ್ತಿಕೊಂಡಳು. ಬೆಂಕಿಗಿಡಲೆಂದು ಒಂಟೆ ಮೂಳೆಯ ಹಿಡಿಗೆ ಸುತ್ತಿಗೆಯಲ್ಲಿ ಒಂದು ಬಿಟ್ಟಳು, ಮೂರು ಚೂರಾಗಿ ಹಾರಿತು. ಅಡುಗೆಮನೆಗೆ ಏಳು ತಿಂಗಳ ನಂತರ ರಜಾಯಿ ಕಟ್ಟಿದಳು. ಕೈಯಿಂದ ತಿರುಗಿಸುವ ಗಾಳಿಯ ಯಂತ್ರ ಮೊದಲು ಕಿರುಗುಟ್ಟಿತು, ಆಮೇಲೆ ದಾರಿಗೆ ಬಂತು. ಇದ್ದಲು ಹೊತ್ತಿತು. ಚೂರಿ ಕಪ್ಪಿನಿಂದ ಕಂದು, ಕಂದಿನಿಂದ ಕೆಂಪು ಆಗುತ್ತ ಬಂತು. ಅವಳು ಮಂಡಿಯೂರಿ ನೋಡುತ್ತಿದ್ದಳು. ಕಣ್ಣು ಮರೆತಿದ್ದರೆ ಎಂಬ ಹೆದರಿಕೆ ಇತ್ತು. ಮರೆತಿರಲಿಲ್ಲ. ನೆರಳು ಹುಟ್ಟಿತು, ನಿಧಾನ ಹರಿಯಿತು, ತುದಿ ದಾಟಿತು. ಸಾಸಿವೆ ಎಣ್ಣೆಯ ಡಬ್ಬಕ್ಕೆ ಚೂರಿ ಇಳಿದಾಗ ಬೆಂಕಿ ಮೊಣಕೈ ಎತ್ತರ ಎದ್ದು ತಣ್ಣಗಾಯಿತು. ಉಕ್ಕು ನೇರವಾಗಿಯೇ ಇತ್ತು. ಅರ ಇಟ್ಟಳು, ಜಾರಿತು.

ಲತೀಫನಿಗೆ ಯಾಕೆ ಮೂವತ್ತು ಸೊಟ್ಟಗಾದವು ಎಂದು ಅವಳಿಗೆ ಅರ್ಥವಾಗಿತ್ತು. ಕಾರ್ಖಾನೆಯ ಹಗಲು ಬೆಳಕಿನಲ್ಲಿ ನಿಂತು ಪಾಣ ಹಾಕುತ್ತಿದ್ದ. ಬಿಸಿಲಲ್ಲಿ ಬಣ್ಣ ಸುಳ್ಳು ಹೇಳುತ್ತದೆ.

ಹಂಚಿನ ಮೇಲೆ ಮರಳು ಹುರಿದು, ಒಡೆಯದಂತೆ ಒಂದಿಷ್ಟು ಬಿಗುವಿಳಿಯಲೆಂದು, ಚೂರಿಯ ಬಾಯಿ ಒಣಹುಲ್ಲಿನ ಬಣ್ಣಕ್ಕೆ ಬರುವವರೆಗೆ ಅದರಲ್ಲಿ ಹೊರಳಿಸಿದಳು. ಆಮೇಲೆ ಸಾಣೆ ಹಿಡಿದಳು. ಹಿಡಿಗೆ ಮಂಚದ ಹಗ್ಗ ಬಿಗಿದಳು. ಗೆರೆಯೆಲ್ಲ ಮಸಿಯಲ್ಲಿ ಮುಚ್ಚಿಹೋಗಿ ಚೂರಿ ಹೆಣದಷ್ಟು ಕುರೂಪವಾಗಿತ್ತು.

ಮೂರನೇ ದಿನ ಬೆಳಗ್ಗೆ ಗಲ್ಲಿಯಲ್ಲಿ ಹೋಗುತ್ತಿದ್ದ ಬೂಟಾನನ್ನು ಕರೆದು ಕೈಗಿಟ್ಟಳು.

"ಇದೇನು ಭಾಭಿ, ಒಲೆಯಿಂದ ಎಳೆದ ಸೌದೆ ಥರ ಇದೆ."

"ನಿನಗೆ ಮುಖ ನೋಡ್ಕೊಳ್ಳೋಕೆ ಕನ್ನಡಿ ಬೇಕಾ, ಚೂರಿ ಬೇಕಾ?"

"ಇನ್ನೊಂದು ಪ್ರಾಣಿ ಮೇಲೆ ಪರೀಕ್ಷೆ ಮಾಡೋ ಧೈರ್ಯ ನನಗಿಲ್ಲ."

"ಮೊದಲು ನಿನ್ನ ಕೈಮೇಲಿನ ಕೂದಲ ಮೇಲೆ ಮಾಡು."

ಬೂಟಾ ಮುಂಗೈ ಮೇಲೆ ಚೂರಿ ಆಡಿಸಿದ. ಒಂದು ಪಟ್ಟಿ ಬೋಳಾಯಿತು. ಅವನು ಚೂರಿಯನ್ನೂ ಅವಳನ್ನೂ ಒಮ್ಮೆ ನೋಡಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಮಧ್ಯಾಹ್ನ ನಮಾಜು ಮುಗಿಯುವ ಹೊತ್ತಿಗೆ ಓಡುತ್ತ ವಾಪಸು ಬಂದ. ಎರಡು ಹೋರಿ, ಒಂದು ಎಮ್ಮೆ, ಐದು ಕುರಿ. ಒಂದು ಸಲವೂ ಸಾಣೆ ಹಿಡಿದಿರಲಿಲ್ಲ. "ಒಂದೇ ಎಳೆತ ಭಾಭಿ," ಎಂದ. "ಯಾರು ಮಾಡಿದ್ದು ಇದು?"

"ನಡಿ, ಅಲ್ಲಿ ಹೇಳ್ತೀನಿ."

ಕಾರ್ಖಾನೆಯ ಅಂಗಳದಲ್ಲಿ ಮೂವತ್ತಕ್ಕೂ ಹೆಚ್ಚು ಲೋಹಾರರು ಸೇರಿದ್ದರು. ಕುಲುಮೆ ಹೊತ್ತಿಸಿದ್ದರು. ಬಡಿಗಲ್ಲಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಬೆರಳುದ್ದದ ಠಸ್ಸೆ. ಮಂಚದ ಮೇಲೆ ಬಿರಾದರಿಯ ಹಿರಿಯ ಚಾಚಾ ಫತೇದೀನ್, ಎಂಬತ್ತರ ಮುದುಕ, ಗಡ್ಡಕ್ಕೆ ಮೆಹಂದಿ ಹಚ್ಚಿ ಕೆಂಪಾಗಿಸಿಕೊಂಡು ಕೂತಿದ್ದ. ಹೆಂಗಸರು ಬರುವ ಜಾಗವಲ್ಲ ಅದು. ನಜೀರಾ ಒಳಗೆ ಕಾಲಿಟ್ಟಾಗ ಎಲ್ಲರೂ ತಿರುಗಿ ನೋಡಿದರು.

"ಹೇಳಿ ಕಳಿಸಿದ್ರೆ ನಾವೇ ಬರ್ತಿದ್ವಲ್ಲ ಮಗಳೇ," ಎಂದ ಫತೇದೀನ್.

"ಯಾರೂ ಬರ್ಲಿಲ್ಲ ಚಾಚಾ. ಅದಕ್ಕೆ ನಾನು ಬಂದೆ."

ಬೂಟಾ ಚೂರಿಯನ್ನು ಠಸ್ಸೆಯ ಪಕ್ಕ ಇಟ್ಟ. ಮೊನ್ನೆ ಹೋರಿಯ ಚರ್ಮ ದಾಟದ ಚೂರಿಯೇ ಇದು ಎಂದ. ಇವತ್ತು ಎಂಟು ಪ್ರಾಣಿ ಕುಯ್ದದ್ದನ್ನೂ ಹೇಳಿದ. ಚೂರಿ ಕೈಯಿಂದ ಕೈಗೆ ಹೋಯಿತು. ಒಬ್ಬ ಅರ ಇಟ್ಟು ನೋಡಿದ, ಇನ್ನೊಬ್ಬ ಉಗುರಿನ ಮೇಲೆ ಆಡಿಸಿದ, ಮತ್ತೊಬ್ಬ ಬೆರಳಿನಿಂದ ಮೀಟಿ ಕಿವಿಗೆ ಹಿಡಿದ.

ನಜೀರಾ ಅವರು ಮುಗಿಸುವವರೆಗೂ ಕಾದಳು. ಆಮೇಲೆ ಆಣೆ ಮುರಿದಳು.

"ಈ ಉಕ್ಕು ನನ್ನ ಯಜಮಾನ್ರು ಬಡಿದಿದ್ದು. ಅದರಲ್ಲಿ ಮೋಸ ಇಲ್ಲ. ಪಾಣ ಇರ್ಲಿಲ್ಲ, ನಿನ್ನೆ ನಾನು ಹಾಕ್ದೆ. ನಿನ್ನೆ ಒಂದಿನ ಅಲ್ಲ. ಅವ್ರು ಇರೋವರೆಗೆ ಒಂಬತ್ತು ವರ್ಷ ಈ ಠಸ್ಸೆ ಬಿದ್ದ ಎಲ್ಲಾ ಚೂರಿಗೂ ನಾನೇ ಹಾಕಿದ್ದು. ಅವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ."

ಹೇಳಿ ಮುಗಿಸಿ ಅವಳು ಹಲ್ಲು ಕಚ್ಚಿ ನಿಂತಳು. ಈಗ ಗದ್ದಲವೇಳುತ್ತದೆ, ಕುರುಡನಿಗೆ ಸಲಾಮು ಹೊಡೆದೆವಾ ಎಂದು ಯಾರಾದರೂ ಉಗುಳುತ್ತಾರೆ, ಸುಳ್ಳು ಎಂದು ಯಾರಾದರೂ ಕೂಗುತ್ತಾರೆ ಎಂದು ಕಾದಳು. ಯಾರೂ ಕೂಗಲಿಲ್ಲ. ಒಬ್ಬ ಕೆಮ್ಮಿದ. ಹಲವರು ನೆಲ ನೋಡಿದರು. ಯಾರ ಮುಖದಲ್ಲೂ ಬೆರಗು ಇರಲಿಲ್ಲ.

"ಗೊತ್ತು ಮಗಳೇ," ಎಂದ ಫತೇದೀನ್ ಮೆಲ್ಲಗೆ.

"ಏನ್ ಗೊತ್ತು?"

"ಎಲ್ಲಾ ಗೊತ್ತು. ನಾನು ಸಲಾಂ ಹೇಳಿದ್ರೆ ಅವನು ಕಂಬದ ಕಡೆ ತಿರುಗಿ ವಾಲೇಕುಂ ಹೇಳ್ತಿದ್ದ. ನಿಮ್ಮ ಅಡುಗೆಮನೆ ಹೊಗೆ ರೊಟ್ಟೀದೋ ಪಾಣದ ಎಣ್ಣೇದೋ, ಲೋಹಾರರ ಮೂಗಿಗೆ ಗೊತ್ತಾಗಲ್ವಾ? ಗಲ್ಲೀಗೆಲ್ಲ ಗೊತ್ತಿತ್ತು. ಅವನ ಮಾನದ ಪ್ರಶ್ನೆ ಅಂತ ಸುಮ್ನಿದ್ವಿ."

ನಜೀರಾ ತನ್ನ ಕೈಯ ಹಳೆಯ ಸುಟ್ಟ ಕಲೆಗಳನ್ನು ನೋಡಿಕೊಂಡಳು. ಒಂಬತ್ತು ವರ್ಷ ತಂಗಿಯನ್ನೂ ಮನೆಯಲ್ಲಿ ತಂಗಗೊಡದೆ, ಅಕ್ಕಪಕ್ಕದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ, ಕೈ ಸುಟ್ಟಾಗ ಹಾಲು ಉಕ್ಕಿತು ಎಂದು ಸುಳ್ಳು ಹೇಳಿ ಕಾಪಾಡಿದ ಗುಟ್ಟು. ಅದನ್ನು ಕಾಪಾಡಿದ್ದು ಯಾರಿಂದ?

ಅವಳು ಮೈದುನನ ಕಡೆ ತಿರುಗಿದಳು. "ನಿನಗೂ?"

ಲತೀಫ್ ಪಗಡಿಯ ಅಂಚು ಹಿಂಡುತ್ತಿದ್ದ. "ಗೊತ್ತಿತ್ತು ಭಾಭಿ. ಎರಡು ಸಲ ಗೋಣಿ ಕಟ್ಕೊಂಡು ನಿಮ್ಮ ಬಾಗಿಲವರೆಗೂ ಬಂದಿದ್ದೆ. ಪಗಡಿ ಕಟ್ಟಿಸ್ಕೊಂಡೋನು ಹೆಂಗಸಿನ ಹತ್ರ ಪಾಣ ಹಾಕಿಸ್ಕೊಳ್ತಾನೆ ಅಂತ ಇವ್ರೆಲ್ಲ ನಗ್ತಾರೆ ಅನ್ನಿಸ್ತು. ವಾಪಸ್ ಹೋದೆ."

"ನಗ್ತಾರೆ ಅಂತ ಅಣ್ಣನ್ನ ಕಳ್ಳನ್ನಾಗಿ ಮಾಡ್ದೆ."

ಲತೀಫ್ ಒಂದು ಹೆಜ್ಜೆ ಹಿಂದೆ ಸರಿದ.

"ನೀವೆಲ್ಲ ಕೂಡ," ಎಂದಳು ಅವಳು, ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತ. "ಪಾಣ ಯಾರ ಕೈಯದು ಅಂತ ಗೊತ್ತಿತ್ತು. ಚೂರಿ ಕೆಟ್ಟಾಗ ಹತ್ತು ಹೆಜ್ಜೆ ನಡೆದು ಬಂದು, ಏನಾಯ್ತು ನಜೀರಾ ಅಂತ ಒಬ್ಬನೂ ಕೇಳ್ಲಿಲ್ಲ. ನನ್ನ ಕೇಳೋದಕ್ಕಿಂತ ಸತ್ತೋನ ಠಸ್ಸೆ ಮುರಿಯೋದೇ ನಿಮಗೆ ಸಲೀಸು ಅನ್ನಿಸ್ತು. ನಾಚಿಕೆ ಆಗ್ಬೇಕು ನಿಮ್ಮ ಗಡ್ಡಗಳಿಗೆ."

ಹೆಂಗಸೊಬ್ಬಳು ಬಿರಾದರಿಗೆ ಇಂಥ ಮಾತಾಡಿದ್ದು ಅವರ ನೆನಪಿನಲ್ಲಿ ಇರಲಿಲ್ಲ. ಆದರೆ ತಪ್ಪು ತಮ್ಮ ಕಡೆಯಿತ್ತು, ಹಾಗಾಗಿ ಯಾರೂ ಎದ್ದು ನಿಲ್ಲಲಿಲ್ಲ. ಫತೇದೀನ್ ಗಡ್ಡ ನೀವಿಕೊಂಡ, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ, ಅವರು ತಲೆಯಾಡಿಸಿದರು.

"ನಿನ್ನ ಮಾತು ನ್ಯಾಯ ಮಗಳೇ. ಠಸ್ಸೆ ಮುರಿಯೋದಿಲ್ಲ. ಇನಾಯತ್ ಹೆಸರು ಚಿನ್ನದ ಹಾಗೆ ಉಳೀತು. ಎಂಥ ಉಸ್ತಾದ್ ನೋಡಿ, ಕಣ್ಣಿಲ್ಲದಿದ್ರೂ ಹೆಂಡತಿಗೆ ಎಷ್ಟು ಚೆನ್ನಾಗಿ ಕಲಿಸಿ ಹೋಗಿದ್ದಾನೆ."

ಸುತ್ತಲಿಂದ ಸುಭಾನಲ್ಲಾ ಎಂಬ ಗುನುಗು ಬಂತು.

"ನಾಳೆಯಿಂದ ಲತೀಫ್ ಗೋಣಿ ಕಳಿಸ್ತಾನೆ. ಒಳಗೆ ನೀನು, ಹೊರಗೆ ಅವನು. ಮೊದಲಿನ ಹಾಗೇ. ಯಾರೂ ಯಾರಿಗೂ ಏನೂ ಹೇಳೋದು ಬೇಡ. ಅವನ ಪಗಡಿಗೂ ಮರ್ಯಾದೆ, ನಿನ್ನ ಪರದೆಗೂ ಮರ್ಯಾದೆ."

ಎಲ್ಲರಿಗಿಂತ ಮೊದಲು ಆಮೀನ್ ಅಂದವನು ಹಾಜಿ ಮಕ್ಬೂಲ್. ಅಂಗಳದಲ್ಲಿ ಉಸಿರು ಸಡಿಲವಾಯಿತು. ಯಾರೋ ಚಹಾ ತರಲು ಎದ್ದರು. ಲತೀಫನ ಮುಖದಲ್ಲಿ ಮೂರು ದಿನದ ಮೇಲೆ ರಕ್ತ ಬಂತು.

ನಜೀರಾ ಬಂದದ್ದು ಇದಕ್ಕೇ ಅಲ್ಲವೇ? ಠಸ್ಸೆ ಉಳಿದಿತ್ತು. ಗಂಡನ ಹೆಸರಿನ ಮೇಲಿನ ಮಸಿ ಹೋಗಿತ್ತು. ಎರಡು ದಿನ ಅವಳು ಕೇಳಿಕೊಂಡದ್ದೆಲ್ಲ ಬಡಿಗಲ್ಲಿನ ಮೇಲೆ ಹಸಿರು ಬಟ್ಟೆಯಲ್ಲಿ ಬಿದ್ದಿತ್ತು, ಎತ್ತಿಕೊಂಡು ಲತೀಫನ ಕೈಗಿಟ್ಟರೆ ಕೆಲಸ ಮುಗಿಯುತ್ತಿತ್ತು. ಕಲಿಸಿ ಹೋಗಿದ್ದಾನಂತೆ. ಈಗ ತೆಗೀರಿ ಅಂದದ್ದು ಯಾರು?

ಅವಳು ಇಕ್ಕಳ ತೆಗೆದುಕೊಂಡು ಠಸ್ಸೆಯನ್ನು ಕಚ್ಚಿಸಿ ಕುಲುಮೆಯೊಳಗೆ ಇಟ್ಟಳು.

"ಭಾಭಿ," ಎಂದು ಲತೀಫ್ ಮುಂದೆ ಬಂದ.

"ಮುಟ್ಟಬೇಡ."

ಅವಳ ಎಡಗೈ ಗಾಳಿಯ ಯಂತ್ರ ತಿರುಗಿಸುತ್ತಿತ್ತು. ಚಹಾಕ್ಕೆ ಎದ್ದವರು ನಿಂತಲ್ಲೇ ನಿಂತರು. ಆ ಅಂಗಳದಲ್ಲಿ ಉಕ್ಕು ಬಲ್ಲವರೇ ಇದ್ದದ್ದು, ಏನಾಗುತ್ತಿದೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಫತೇದೀನ್ ತಡೆಯಲು ಕೈಯೆತ್ತಿದ. ಠಸ್ಸೆ ಕೆಂಪಾಯಿತು, ಹಳದಿಯಾಯಿತು. ಅವಳು ಅದನ್ನು ಹೊರತೆಗೆದು ಬಡಿಗಲ್ಲಿನ ಮೇಲೆ ನಿಲ್ಲಿಸಿ ಸುತ್ತಿಗೆ ಎತ್ತಿದಳು. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾಯಿಂದ ಆಡದ ಹೆಸರನ್ನು ಅವತ್ತು ಗಂಡಸರೆಲ್ಲ ಕೇಳುವ ಹಾಗೆ ಆಡಿದಳು.

"ಇನಾಯತ್, ಇವ್ರಿಗೆಲ್ಲ ಗೊತ್ತಿತ್ತಂತೆ. ಒಂದೇ ಒಂದ್ಸಲ ನೀವು ಬಾಯ್ಬಿಟ್ಟು ಹೇಳಿದ್ರೆ ಸಾಕಿತ್ತು."

ಮೊದಲ ಏಟಿಗೆ ತೆನೆ ಅಳಿಸಿತು. ಎರಡನೆಯದಕ್ಕೆ ಠಸ್ಸೆ ನಾಣ್ಯದ ಹಾಗೆ ಚಪ್ಪಟೆಯಾಯಿತು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಅವಳು ಕಣ್ಣೊರೆಸಿಕೊಳ್ಳುವ ಗೋಜಿಗೆ ಹೋಗದೆ ಇಕ್ಕಳ ಕೆಳಗಿಟ್ಟಳು.

"ಅಯ್ಯೋ, ಒಪ್ಪಿಕೊಂಡ ಮಾಲು ಇನ್ನೂ ನಾನೂರು ಚೂರಿ ಇದೆ," ಎಂದ ಹಾಜಿ, ಯಾರಿಗೆ ಎಂದಿಲ್ಲದೆ.

ಲತೀಫ್ ಬಾಗಿಲಿಗೆ ಅಡ್ಡ ಬಂದು ನಿಂತ. ಅವನ ದನಿ ಸಣ್ಣದಾಗಿತ್ತು. "ಇನ್ನು ಪಾಣ ಹಾಕೋರು ಯಾರು ಭಾಭಿ?"

"ಪಗಡಿ ನಿನ್ನ ತಲೆ ಮೇಲಿದೆಯಲ್ಲ," ಎಂದಳು ನಜೀರಾ, "ಅದನ್ನ ಕೇಳು."